ಸಿದ್ದವ್ವನ ಪಾಲಿನ ಹಾಡು

ನಮ್ಮ ಊರಿನಲ್ಲಿ ಸತ್ತವರು ಹಾಡುವುದಿಲ್ಲ. ಬೇರೆ ಊರುಗಳಲ್ಲಿ ಆರಾಮವಾಗಿ ಹಾಡಿಕೊಂಡಿರುತ್ತಾರಂತೆ. ನನ್ನ ಸೋದರಮಾವ ಒಮ್ಮೆ ಪರಊರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಚಹಾದಂಗಡಿಯ ರೇಡಿಯೋದಲ್ಲಿ ಒಬ್ಬ ಸಿನಿಮಾ ಹಾಡುಗಾರನ ದನಿ ಕೇಳಿಸಿತು. ನಮ್ಮಲ್ಲಿ ಆತನ ದನಿ ಹೋಗಿ ವರ್ಷಗಳೇ ಆಗಿದ್ದವು. ಮನುಷ್ಯ ಬದುಕಿಯೇ ಇದ್ದಾನೆ ಎಂದು ತಿಳಿದ ಮಾವ ಸಂತೋಷ ತಡೆಯಲಾರದೆ ಪೇಢೆ ಕಟ್ಟಿಸಿಕೊಂಡು ಬಂದು ಓಣಿಗೆಲ್ಲ ಹಂಚಿದ. ಪೇಢೆ ತಿಂದು ಕೈ ಒರೆಸಿಕೊಂಡು ನಮ್ಮ ರೇಡಿಯೋ ಹಚ್ಚಿದರೆ ಅದೇ ಹಾಡಿನಲ್ಲಿ ತಬಲಾ ಇತ್ತು, ಪಿಟೀಲು ಇತ್ತು, ಜೊತೆಯ ಹೆಣ್ಣುದನಿ ಇತ್ತು, ಆ ಮನುಷ್ಯ ಮಾತ್ರ ಇರಲಿಲ್ಲ. ಅಂದಿನಿಂದ ಅವನನ್ನು ಎಲ್ಲರೂ ಪೇಢೆಮಾವ ಎಂದೇ ಕರೆದರು.

ಉಸಿರು ನಿಂತ ಗಳಿಗೆಗೇ ರಿಕಾರ್ಡಿನಿಂದ, ಕ್ಯಾಸೆಟ್ಟಿನಿಂದ ದನಿ ಎದ್ದು ಹೋಗುತ್ತದೆ. ವಾದ್ಯ ಉಳಿಯುತ್ತದೆ, ಕೆಮ್ಮು ಉಳಿಯುವುದಿಲ್ಲ. ನಾವು ಇದಕ್ಕೆ ಹೊಂದಿಕೊಂಡು ಬಾಳುತ್ತಿದ್ದೇವೆ. ಹಾಡಿನ ನಡುವೆ ಅಂಥ ಖಾಲಿ ಜಾಗ ಬಂದರೆ ಮಾತಾಡಬಾರದು, ಅಗಿಯಬಾರದು; ತುತ್ತು ಕೈಯಲ್ಲಿದ್ದರೆ ಕೈಯಲ್ಲಿ, ಬಾಯಲ್ಲಿದ್ದರೆ ಬಾಯಲ್ಲಿ. ನನ್ನದು ಖಾನಾವಳಿ. ಎರಡು ಹಳೆಯ ಯುಗಳಗೀತೆ ಬಂದರೆ ಸಾಕು, ಪಲ್ಯ ಆರಿ ತಣ್ಣಗಾಗುತ್ತದೆ, ಕೂತವರು ಏಳುವುದಿಲ್ಲ, ಬಾಗಿಲಲ್ಲಿ ನಿಂತ ಗಿರಾಕಿ ಎದುರಿನ ಖಾನಾವಳಿಗೆ ನಡೆಯುತ್ತಾನೆ. ಅದಕ್ಕೇ ಊಟದ ಹೊತ್ತಿಗೆ ನಾನು ಬದುಕಿದ್ದವರನ್ನಷ್ಟೇ ಹಚ್ಚುತ್ತೇನೆ. ಇನ್ನು ಮಗ ಮಿಲಿಟರಿಗೆ ಹೋದ ಮನೆಗಳಲ್ಲಿ ಅವನು ಹೊರಡುವ ಮೊದಲು ನಾಲ್ಕು ಮಾತು ಕ್ಯಾಸೆಟ್ಟಿನಲ್ಲಿ ತುಂಬಿಸಿಟ್ಟುಕೊಳ್ಳುತ್ತಾರೆ. ರೈಲಿನ ಹೊತ್ತು ಹೇಳಿದರೂ ನಡೆಯುತ್ತದೆ. ದಿನಾ ಬೆಳಗ್ಗೆ ಅದನ್ನು ಹಚ್ಚಿ, ದನಿ ಕೇಳಿದ ಮೇಲೆಯೇ ತಾಯಿ ಒಲೆ ಹೊತ್ತಿಸುತ್ತಾಳೆ.

ನಾನು ಹೇಳಹೊರಟದ್ದು ನನ್ನ ಹೆಂಡತಿ ದಾನಮ್ಮನ ಕಥೆ. ಲಗ್ನವಾಗಿ ನಮ್ಮ ಮನೆಗೆ ಬರುವಾಗ ತವರಿನವರು ಕೊಟ್ಟ ಹಿತ್ತಾಳೆ ಕೊಡ ಗಾಡಿಯಲ್ಲಿ ಆ ಕಡೆ ಈ ಕಡೆ ಉರುಳುತ್ತಿದ್ದರೂ ಆಕೆ ಅದರತ್ತ ನೋಡಲಿಲ್ಲ. ತೊಡೆಯ ಮೇಲೆ ಒಂದು ರಿಕಾರ್ಡು ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದು ಕೂತಿದ್ದಳು. 'ನೇಕಾರ ಓಣಿಯ ಪದಗಳು' ಎಂದು ಅದರ ಹೆಸರು. ದಾನಮ್ಮ ನಾಲ್ಕು ವರ್ಷದ ಕೂಸಾಗಿದ್ದಾಗ ಹೊರಗಿನ ಕಂಪನಿಯವರು ವ್ಯಾನಿನಲ್ಲಿ ಬಂದು, ಆಕೆಯ ಓಣಿಯ ಮೂವರು ಹೆಂಗಸರನ್ನು ಸಾಲೆಯ ಕೋಣೆಯಲ್ಲಿ ಬೀಸುವ ಕಲ್ಲಿನ ಸುತ್ತ ಕೂಡಿಸಿ, ಬೀಸುವ ಪದ, ಸೋಬಾನೆ ಪದ, ತೊಟ್ಟಿಲ ಪದ ಹಾಡಿಸಿಕೊಂಡು ಹೋಗಿದ್ದರು. ಆಮೇಲೆ ಆ ರಿಕಾರ್ಡು ನಾಡಿಗೆಲ್ಲ ಹೆಸರಾಯಿತು. ಎಲ್ಲೆಲ್ಲಿಯವರೋ ಬರೆದರು, ಹೊಗಳಿದರು. ಕವರಿನ ಮೇಲೆ ಕಲ್ಲಿನ ಚಿತ್ರ ದೊಡ್ಡದಾಗಿದೆ, ಹಾಡಿದವರ ಹೆಸರಿಗೆ ಮಾತ್ರ ಜಾಗ ಸಿಕ್ಕಿಲ್ಲ.

ಹಾಡಿದ ಮೂವರು ಯಾರೆಂದು ದಾನಮ್ಮ ನನಗೆ ಲಗ್ನವಾದ ವಾರದಲ್ಲೇ ಹೇಳಿದಳು. ಎತ್ತರದ ದನಿ ತಿಪ್ಪವ್ವನದು; ಆಕೆ ಈಗಲೂ ಇದ್ದಾಳೆ, ಕೋಲು ಊರಿಕೊಂಡು ಓಣಿ ಆಳುತ್ತಾಳೆ. ಎರಡನೆಯದು, ತುಸು ತಗ್ಗಿನ, ಬೆಲ್ಲದ ಪಾಕದಂಥ ದನಿ, ದಾನಮ್ಮನ ತಾಯಿ ಕಲ್ಲವ್ವನದು. ಮೂರನೆಯವಳು ಸಿದ್ದವ್ವ. ರಿಕಾರ್ಡು ಊರಿಗೆ ಬರುವ ಮೊದಲೇ ಜ್ವರ ಬಂದು ತೀರಿಕೊಂಡಿದ್ದಳಂತೆ. ಆಕೆ ಹಾಡಿದ ಕಡೆ ಕಲ್ಲಿನ ಗುರುಗುರು, ನಡುನಡುವೆ ಬಳೆಯ ಸದ್ದು, ಅಷ್ಟೇ.

ಕಲ್ಲವ್ವ ಹಾಡಿ ಬಂದ ಮಾರನೆಯ ವಾರವೇ ಮನೆಯಲ್ಲಿ ಜಗಳವಾಗಿತ್ತು. ಪರಗಂಡಸರ ಮುಂದೆ ಕೂತು ಗಂಟಲು ತೆರೆದಳು ಎಂದು ಗಂಡ ಬಾಳಪ್ಪ ಮಗ್ಗದ ಮುಂದೆ ಕೂತಲ್ಲಿಂದಲೇ ಏನೋ ಅಂದ. ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆಕೆ ಚೀಲ ತೂಗುಹಾಕಿಕೊಂಡು ಬಸ್ಸು ಹತ್ತಿದಳು, ತಿರುಗಿ ಬರಲಿಲ್ಲ. ಎರಡು ವರ್ಷ ಕಳೆದ ಮೇಲೆ ಬಾಳಪ್ಪ ಅದೇ ಓಣಿಯ ಬಂಗಾರೆವ್ವನನ್ನು, ಮಕ್ಕಳಿಲ್ಲದ ವಿಧವೆಯನ್ನು, ಉಡಿಕೆ ಮಾಡಿಕೊಂಡು ಮನೆಗೆ ತಂದ. ದಾನಮ್ಮನ ಲೆಕ್ಕ ಸರಳವಾಗಿತ್ತು. ರಿಕಾರ್ಡಿನಲ್ಲಿ ಅವ್ವ ಹಾಡುತ್ತಿದ್ದಾಳೆ ಎಂದರೆ ಎಲ್ಲೋ ಬದುಕಿದ್ದಾಳೆ. ಬದುಕಿದ್ದಾಳೆ ಎಂದರೆ ಒಂದಲ್ಲ ಒಂದು ದಿನ ಬರುತ್ತಾಳೆ. ಬದುಕಿರುವವಳ ಜಾಗದಲ್ಲಿ ಬಂದು ಕೂತ ಹೆಂಗಸನ್ನು ಅವ್ವ ಎಂದು ಕರೆಯುವುದು ಹೇಗೆ? ಹೀಗಾಗಿ ಬಂಗಾರೆವ್ವ ಆಕೆಯ ಬಾಯಲ್ಲಿ ಕೊನೆಯವರೆಗೂ 'ಆಕಿ'.

ದೊಡ್ಡವಳಾದ ದಿನ ದಾನಮ್ಮ ಓಣಿಯ ಹೆಂಗಸರನ್ನೆಲ್ಲ ಹೊರಗೆ ಕಾಯಿಸಿ ಮೊದಲು ಆ ತೊಟ್ಟಿಲ ಪದ ಹಚ್ಚಿಕೊಂಡು ಕೂತಳಂತೆ. ಲಗ್ನದ ಹಿಂದಿನ ದಿನವೂ ಹಾಗೇ. ಹಾಡು ಮುಗಿದ ಮೇಲೆ ಆಕೆ ತಿರುಗುವ ರಿಕಾರ್ಡಿನ ಹತ್ತಿರ ಬಾಯಿ ತಂದು ಸುದ್ದಿ ಹೇಳುತ್ತಿದ್ದಳು. "ಅವ್ವಾ, ನಾಳಿ ನನ್ನ ಲಗ್ನ ಐತಿ. ಎಲ್ಲಿದ್ರೂ ಬಾ." ಮೊದಲ ಸಲ ನೋಡಿದಾಗ ನಾನು ಬೆಚ್ಚಿದ್ದೆ, ಎಂಥವಳನ್ನು ತಂದು ಕಟ್ಟಿದರಪ್ಪ ನನಗೆ ಅನಿಸಿತ್ತು. ಆಮೇಲೆ ರೂಢಿಯಾಯಿತು. ಮಗಳು ಮಹಾನಂದಾ ಹುಟ್ಟಿದಾಗ ಹೇಳಿದಳು, ಅದರ ಹಿಂದೆ ಹುಟ್ಟಿದ ಗಂಡುಕೂಸು ತಿಂಗಳು ತುಂಬುವುದರೊಳಗೆ ಹೋದಾಗ ಹೇಳಿದಳು, ಅಪ್ಪ ಬಾಳಪ್ಪ ತೀರಿಕೊಂಡಾಗಲೂ ಹೇಳಿದಳು. ಕೂಸು ಹೋದಾಗ ಆಕೆ ಯಾರೊಂದಿಗೂ ಮಾತಾಡಲಿಲ್ಲ, ಉಣ್ಣಲಿಲ್ಲ. ಆ ದನಿಯೊಂದೇ ಆಕೆಯನ್ನು ಹಿಡಿದು ಮೇಲೆತ್ತಿತು. ನನ್ನಿಂದ ಆಗಲಿಲ್ಲ, ಇದ್ದದ್ದನ್ನು ಇದ್ದಹಾಗೆ ಹೇಳಬೇಕು.

ಒಂದು ಕೆಟ್ಟ ಚಾಳಿ ಮಾತ್ರ ಇತ್ತು. ತೊಟ್ಟಿಲ ಪದದಲ್ಲಿ ಮೊದಲಿನ ನುಡಿಗಳು ಸಿದ್ದವ್ವನ ಪಾಲಿನವು, ಆಮೇಲೆ ಅವ್ವನ ದನಿ. ಬರೀ ಕಲ್ಲಿನ ಸದ್ದನ್ನು ಕೇಳುತ್ತ ಕೂರುವಷ್ಟು ತಾಳ್ಮೆ ದಾನಮ್ಮನಿಗೆ ಇರಲಿಲ್ಲ. "ಪಾಪ, ಸಿದ್ದವ್ವ" ಎಂದು ಒಂದು ಮಾತು ಅಂದು, ಪಿನ್ನು ಎತ್ತಿ ಮುಂದೆ ಇಡುತ್ತಿದ್ದಳು. ನಮ್ಮ ಊರಲ್ಲಿ ಹಾಗೆ ಯಾರೂ ಮಾಡುವುದಿಲ್ಲ.

ಬಾಳಪ್ಪ ಹೋದ ಮೇಲೆ ಬಂಗಾರೆವ್ವನನ್ನು ನಾನೇ ನಮ್ಮ ಮನೆಗೆ ಕರೆದುಕೊಂಡು ಬಂದೆ. ಧರ್ಮಕ್ಕಲ್ಲ. ಆಕೆಯಂಥ ರೊಟ್ಟಿ ಬಡಿಯುವ ಕೈ ಊರಲ್ಲಿ ಇನ್ನೊಂದಿರಲಿಲ್ಲ, ನನ್ನ ಗಿರಾಕಿಗಳು ಪಲ್ಯಕ್ಕಲ್ಲ ರೊಟ್ಟಿಗೆ ಬರುತ್ತಿದ್ದರು. ದಾನಮ್ಮ ಬೇಡ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಪಗಾರದ ಆಳಿನೊಂದಿಗೆ ಆಡುವಷ್ಟು ಮಾತು ಆಡುತ್ತಿದ್ದಳು. ಬಂಗಾರೆವ್ವನೂ ಕಡಿಮೆ ಮಾತಿನವಳೇ. ಮೊಮ್ಮಗಳು ಅತ್ತರೆ ಬೆನ್ನು ತಟ್ಟಿ ಹೂಂ ಹೂಂ ಅನ್ನುವಳೇ ಹೊರತು ಒಂದು ಜೋಗುಳ ಹಾಡಿದವಳಲ್ಲ. ಎದೆಯಲ್ಲಿ ಒಂದು ಪದವೂ ಇಲ್ಲದ ಹೆಂಗಸು ಎಂದು ದಾನಮ್ಮ ಆಡಿಕೊಳ್ಳುತ್ತಿದ್ದಳು. ರಿಕಾರ್ಡಿನ ವಿಷಯಕ್ಕೆ ಬಂಗಾರೆವ್ವ ಬಾಯಿ ಹಾಕಿದ್ದು ನನ್ನ ನೆನಪಿನಲ್ಲಿ ಒಂದೇ ಸಲ. ದಾನಮ್ಮ ಪಿನ್ನು ಎತ್ತುವಾಗ ಅಡುಗೆಮನೆಯಿಂದಲೇ, "ಎತ್ತಬ್ಯಾಡವಾ ಅದನ್ನ. ಪಾಪ, ಆಕಿನೂ ಪೂರಾ ಹಾಡ್ಲಿ" ಅಂದಳು. ದಾನಮ್ಮ ಕೇಳದವಳಂತೆ ಎತ್ತಿ ಮುಂದೆ ಇಟ್ಟಳು.

ಈ ವರ್ಷ ಮಹಾನಂದಾ ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಳು. ಕುಬಸದ ದಿನ ಖಾನಾವಳಿಗೆ ಬೀಗ ಹಾಕಿದೆ. ಹಸಿರು ಸೀರೆ ಉಡಿಸಿ, ದಂಡೆ ಮುಡಿಸಿ ಮಗಳನ್ನು ನಡುಮನೆಯ ಮಣೆಯ ಮೇಲೆ ಕೂರಿಸಿದ್ದರು. ನೇಕಾರ ಓಣಿಯ ಹೆಂಗಸರೆಲ್ಲ ಬಂದಿದ್ದರು, ತಿಪ್ಪವ್ವನೂ ಬಂದು ಗೋಡೆಗೆ ಒರಗಿ ಕೂತಿದ್ದಳು. ಇಷ್ಟು ಜನಕ್ಕೂ ರೊಟ್ಟಿ ಬೇಕೆಂದು ಬಂಗಾರೆವ್ವ ಬೆಳಗಿನಿಂದ ಒಲೆಯ ಮುಂದೆಯೇ ಇದ್ದಳು. ಆರತಿಗೆ ಮೊದಲು ದಾನಮ್ಮ ಎಂದಿನಂತೆ ರಿಕಾರ್ಡು ತಂದಳು. ಮಗಳು ತಾಯಾಗುವ ಸುದ್ದಿ ಅವ್ವನಿಗೆ ಮುಟ್ಟಬೇಕಿತ್ತು.

ಕಲ್ಲು ಗುರುಗುರು ಎಂದಿತು. "ಪಾಪ, ಸಿದ್ದವ್ವ" ಎಂದು ಪಿನ್ನು ಎತ್ತಿ ಅವ್ವನ ದನಿಯ ಜಾಗಕ್ಕೆ ಇಟ್ಟಳು. ಕಲ್ಲು ಗುರುಗುರು ಎಂದಿತು. ತಪ್ಪಿ ಇಟ್ಟೆನೇನೋ ಎಂದು ಮತ್ತೆ ಎತ್ತಿ ಇನ್ನೊಂದಿಷ್ಟು ಮುಂದೆ ಇಟ್ಟಳು. ಮತ್ತೆ ಅದೇ ಕಲ್ಲು. ಆಮೇಲೆ ಪಲ್ಲವಿ ಬಂತು, ತಿಪ್ಪವ್ವನ ಎತ್ತರದ ದನಿ ಒಂದೇ ಒಂದು ಮೇಲೆದ್ದು ಇಳಿಯಿತು, ಜೊತೆಗೆ ಯಾರೂ ಇರಲಿಲ್ಲ. ನಡುಮನೆಯಲ್ಲಿ ಕೂತವರು ಕೂತಲ್ಲಿ ಗೊಂಬೆಗಳಾದರು. ಮಹಾನಂದಾ ಬಾಯಲ್ಲಿಟ್ಟುಕೊಂಡಿದ್ದ ಹೋಳಿಗೆಯನ್ನು ಹಾಗೇ ಹಿಡಿದಿದ್ದಳು.

ದಾನಮ್ಮ ಅಳಲಿಲ್ಲ. ನನ್ನ ಕಡೆ ತಿರುಗಿ, "ಇದಕ್ಕ ನೀವೇನರ ಮಾಡಿದ್ರೇನು?" ಅಂದಳು. ಮಷೀನು ಕೆಟ್ಟಿರಲಿ ಎಂಬ ಆಸೆ ಆ ಕಣ್ಣಲ್ಲಿತ್ತು. ನಾನು ತಲೆ ಅಲ್ಲಾಡಿಸಿದೆ. ಆಗ ಆಕೆಯ ಬಾಯಿಂದ ಒಂದು ಕೂಗು ಬಂತು. ಹಡೆಯುವಾಗಲೂ ಆಕೆ ಹಾಗೆ ಕೂಗಿದ್ದನ್ನು ನಾನು ಕೇಳಿರಲಿಲ್ಲ.

ಹೆಂಗಸರು ಆಕೆಯನ್ನು ಹಿಡಿದುಕೊಳ್ಳುತ್ತಿರುವಾಗ ಒಳಗಿನಿಂದ ಸೀದ ವಾಸನೆ ಬಂತು. ನಾನು ಹೋಗಿ ನೋಡಿದೆ. ಹಂಚಿನ ಮೇಲೆ ರೊಟ್ಟಿ ಕರ್ರಗಾಗಿ ಹೊಗೆಯಾಡುತ್ತಿತ್ತು. ಬಂಗಾರೆವ್ವ ಗೋಡೆಗೆ ಬೆನ್ನು ಕೊಟ್ಟು, ಅಂಗೈಯಲ್ಲಿ ಹಿಟ್ಟಿನ ಉಂಡೆ ಇಟ್ಟುಕೊಂಡು, ದಣಿವಾರಿಸಿಕೊಳ್ಳುವವರಂತೆ ಕೂತಿದ್ದಳು. ಅತ್ತೀ ಎಂದು ಭುಜ ಮುಟ್ಟಿದೆ. ಮೈ ಇನ್ನೂ ಬೆಚ್ಚಗಿತ್ತು, ಉಸಿರು ಇರಲಿಲ್ಲ. ಹಂಚನ್ನು ಇಳಿಸಬೇಕು ಎಂಬುದೂ ಹೊಳೆಯದೆ ನಿಂತುಬಿಟ್ಟೆ.

ಸುದ್ದಿ ತಿಳಿದು ದಾನಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು. ಎರಡೂ ಕಡೆ ಚೌಕಟ್ಟು ಹಿಡಿದು ನಿಂತು ಆ ಹೆಣವನ್ನು ನೋಡಿದಳು. ಅಷ್ಟು ಸಿಟ್ಟನ್ನು ನಾನು ಆಕೆಯ ಮುಖದಲ್ಲಿ ಎಂದೂ ಕಂಡಿರಲಿಲ್ಲ.

"ನಮ್ಮವ್ವಗ ಅಳಾಕೂ ಬಿಡಲಿಲ್ಲ ನೋಡ್ರಿ ಈಕಿ. ಅಕಿ ಜಾಗಾ ತಗೊಂಡ್ಲು, ಸಂಸಾರ ತಗೊಂಡ್ಲು, ಈಗ ಸಾಯೋ ದಿನಾನೂ ತಗೊಂಡ್ಲು."

ತಿಪ್ಪವ್ವ ಕೋಲು ಊರಿ ಎದ್ದು ಬಂದಳು.

"ಬಾಯಿ ಮುಚ್ಚ ದಾನಿ. ಎರಡ ಸಾವಲ್ಲ ಇದು. ಒಂದ."

ದಾನಮ್ಮನಿಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ತಿಪ್ಪವ್ವ ಹೊಸ್ತಿಲ ಮೇಲೆ ಕುಸಿದು ಕೂತು, ಇಷ್ಟು ವರ್ಷ ನೀನು ಕೇಳಿದ್ದು ಬಂಗಾರಿಯ ದನಿ ಎಂದಳು. ಕಲ್ಲಿನ ಸುತ್ತ ಕೂತು ಹಾಡಿದವರು ತಾನು, ಬಂಗಾರಿ, ನಿಮ್ಮವ್ವ ಕಲ್ಲಿ, ಇಷ್ಟೇ ಜನ ಎಂದಳು. ದಾನಮ್ಮ ಚೌಕಟ್ಟು ಬಿಡದೆ, "ಹಂಗಾರ ಸಿದ್ದವ್ವ?" ಎಂದು ಕೇಳಿದಳು.

"ಸಿದ್ದವ್ವ ಅನ್ನಾಕಿ ಯಾರೂ ಇರಲಿಲ್ಲ ಯವ್ವಾ."

ಆಮೇಲೆ ತಿಪ್ಪವ್ವ ತಡೆತಡೆದು ಎಲ್ಲ ಹೇಳಿದಳು. ರಿಕಾರ್ಡು ಊರಿಗೆ ಬಂದ ದಿನ ಓಣಿಯೆಲ್ಲ ಬಾಳಪ್ಪನ ಪಡಸಾಲೆಯಲ್ಲಿ ಕೂಡಿತ್ತು. ಕಲ್ಲವ್ವ ಹೋಗಿ ನಾಲ್ಕಾರು ತಿಂಗಳಾಗಿತ್ತು, ಸಿಟ್ಟು ಇಳಿದ ಮೇಲೆ ಬರುತ್ತಾಳೆ ಎಂದೇ ಎಲ್ಲರೂ ತಿಳಿದಿದ್ದರು. ತೊಟ್ಟಿಲ ಪದ ಶುರುವಾಯಿತು. ಕಲ್ಲವ್ವ ಹಾಡಬೇಕಾದ ಕಡೆ ಬರೀ ಕಲ್ಲು ತಿರುಗಿತು. ಎಲ್ಲಿ ಸತ್ತಳು, ಹೇಗೆ ಸತ್ತಳು, ಯಾರು ಮಣ್ಣು ಕೊಟ್ಟರು, ಒಂದೂ ಗೊತ್ತಿಲ್ಲ. ಸತ್ತದ್ದು ಮಾತ್ರ ಎಲ್ಲರಿಗೂ ಒಮ್ಮೆಲೇ ಗೊತ್ತಾಯಿತು. ಬಾಳಪ್ಪ ಮಗ್ಗದ ಕಂಬ ತಬ್ಬಿ ಜಾರಿ ಬಿದ್ದ. ಅಷ್ಟರಲ್ಲಿ ದಾನಮ್ಮ ಎಂಬ ಕೂಸು ಜನರ ಕಾಲ ನಡುವಿನಿಂದ ನುಸುಳಿ ಬಂದು, ನಮ್ಮವ್ವ ಎಲ್ಲಿ ಹಾಡುತ್ತಾಳೆ ಎಂದು ಕೇಳಿತು. ಆಗಲೇ ರಿಕಾರ್ಡಿನಲ್ಲಿ ಬಂಗಾರೆವ್ವನ ಸರದಿ ಬಂತು. ಬಂಗಾರೆವ್ವ ಕೂಸನ್ನು ಎತ್ತಿಕೊಂಡು, ಇಕೋ, ಇದೇ ನೋಡು ನಿಮ್ಮವ್ವ ಎಂದುಬಿಟ್ಟಳು.

"ಆಕಿ ಬಾಯಿಂದ ಬಂದು ಹೋತು. ಬಂದ ಮ್ಯಾಲೆ ನಾವೆಲ್ಲಾ ಗುಡಿಗೆ ಹೋಗಿ ಆಣಿ ಮಾಡಿದ್ವಿ. ಆ ಕಲ್ಲಿನ ಜಾಗಕ್ಕ ಒಂದ್ ಹೆಸರ ಬೇಕಾಗಿತ್ತು, ಸಿದ್ದವ್ವ ಅಂದ್ವಿ. ನೀ ದೊಡ್ಡಾಕಿ ಆಗು, ಹೇಳೋಣು ಅಂತಿದ್ವಿ. ದೊಡ್ಡಾಕಿ ಆದಿ, ಲಗ್ನಾತು, ಹಡದಿ. ಪ್ರತೀ ಸಲ ನೀ ಅದರ ಮುಂದ ಕುಂತು ಮಾತಾಡೂದ ನೋಡಿ ನಮ್ಮ ನಾಲಿಗಿ ಏಳಲಿಲ್ಲ."

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ ಅನ್ನುತ್ತಾರೆ. ಆ ಓಣಿಯ ಹೆಂಗಸರು ಮುಚ್ಚಿ ತೋರಿಸಿದ್ದರು. ನಾನು ಬೇರೆ ಓಣಿಯ ಗಂಡು, ನನ್ನ ಕಿವಿಗೂ ಬಿದ್ದಿರಲಿಲ್ಲ. ನನಗೆ ಹೊಳೆದದ್ದು ಇನ್ನೊಂದು. ದಾನಮ್ಮ ಆ ದನಿಯನ್ನು ಕರೆದಾಗಲೆಲ್ಲ ಆ ದನಿಯವಳು ಬಂದೇ ಇದ್ದಳು. ಲಗ್ನದಲ್ಲಿ ಬುಂದೆ ಕಟ್ಟಿದಳು, ಬಾಣಂತನದಲ್ಲಿ ನೀರು ಕಾಸಿದಳು, ಆ ಗಂಡುಕೂಸು ಹೋದಾಗ ಅದರ ಬಟ್ಟೆಗಳನ್ನು ಒಗೆದು ಮಡಿಸಿಟ್ಟಳು. ಮಗಳು ರಿಕಾರ್ಡಿಗೆ ಹೇಳಿದ ಸುದ್ದಿಗಳನ್ನೆಲ್ಲ ಒಳಗೆ ಕೂತು ಕೇಳಿಸಿಕೊಂಡಿದ್ದಳು.

ದಾನಮ್ಮ ಚೌಕಟ್ಟು ಬಿಟ್ಟು ಒಳಗೆ ಬಂದಳು. ಬಂಗಾರೆವ್ವನ ಎದುರು ಮಂಡಿಯೂರಿ, ಅಂಗೈಯಲ್ಲಿದ್ದ ಹಿಟ್ಟಿನ ಉಂಡೆ ತೆಗೆದು ಪರಾತದಲ್ಲಿಟ್ಟಳು. ಅಪ್ಪಿ ಅಳುತ್ತಾಳೆ ಎಂದುಕೊಂಡೆ. ಆಕೆ ಎರಡೂ ಭುಜ ಹಿಡಿದು ಹೆಣವನ್ನು ಜಗ್ಗಿ ಅಲುಗಾಡಿಸಿದಳು.

"ಒಂದ ಸಲ ಹಾಡಿದ್ರ ಏನಾಗ್ತಿತ್ತ ನಿನಗ? ನನ್ನ ಮುಂದ ಒಂದ ಸಲ. ಬೈತಿದ್ದೆ, ಬಡೀತಿದ್ದೆ, ಇನ್ನೇನ್ ಮಾಡ್ತಿದ್ದೆ ನಾ?"

ನಾವು ಬಿಡಿಸಬೇಕಾಯಿತು. ತಿಪ್ಪವ್ವ ಆಕೆಯ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡು, ಬಂಗಾರಿ ಹಾಡುತ್ತಿದ್ದಳು ಎಂದಳು. ದಿನಾ ಹಾಡುತ್ತಿದ್ದಳು. ನಿನ್ನ ಕಿವಿಗೆ ಬಿದ್ದರೆ ನಿಮ್ಮವ್ವ ಸತ್ತಂತೆ ಎಂದು ಮನೆಯಲ್ಲಿ ಹಾಡಲಿಲ್ಲ, ಹಾಡದೆ ಬದುಕುವುದೂ ಆಕೆಗೆ ಆಗಲಿಲ್ಲ. ಹಿಟ್ಟಿನ ಗಿರಣಿಗೆ ಹೋಗಿ, ಅದರ ಗದ್ದಲದಲ್ಲಿ ಯಾರಿಗೂ ಕೇಳದಂತೆ ಹಾಡಿ ಬರುತ್ತಿದ್ದಳು. ಆಗ ನನಗೆ ನೆನಪಾಯಿತು. ಖಾನಾವಳಿಗೆ ಚೀಲಗಟ್ಟಲೆ ಜೋಳ ಒಮ್ಮೆಲೇ ಬೀಸಿಸಿ ಇಡೋಣ ಎಂದರೆ ಬಂಗಾರೆವ್ವ ಒಪ್ಪುತ್ತಿರಲಿಲ್ಲ; ಹಿಟ್ಟು ಹಳತಾದರೆ ರೊಟ್ಟಿ ಹರಿಯುತ್ತದೆ ಎಂದು ದಿನಾ ಬುಟ್ಟಿ ಹೊತ್ತು ತಾನೇ ಹೋಗುತ್ತಿದ್ದಳು. ಗಿರಣಿಯೊಳಗೆ ನಿಮ್ಮ ತವರುಮನೆ ಐತೇನತ್ತಿ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಹೂಂ ಅನ್ನುತ್ತಿದ್ದಳು.

ಮಣ್ಣಿಗೆ ಒಯ್ಯುವ ಮೊದಲು ದಾನಮ್ಮ ತೊಟ್ಟಿಲ ಪದವನ್ನು ಇನ್ನೊಮ್ಮೆ ಹಚ್ಚಿದಳು. ಈ ಸಲ ಪಿನ್ನು ಎತ್ತಲಿಲ್ಲ. ಕಲ್ಲು ತಿರುಗಿತು, ಬಳೆ ಸದ್ದು ಮಾಡಿತು. ಬಳೆ ಯಾರ ಕೈಯದು ಎಂದು ಕೇಳಿದಳು. ಮೊದಲಿನವು ನಿಮ್ಮವ್ವನವು, ಬಂಗಾರಿ ಆಗಲೇ ವಿಧವೆ, ಆಕೆಯ ಕೈಯಲ್ಲಿ ಬಳೆ ಎಲ್ಲಿಂದ ಬರಬೇಕು ಎಂದಳು ತಿಪ್ಪವ್ವ. ದಾನಮ್ಮ ಆ ಬಳೆಯ ಸದ್ದು ಪೂರಾ ಕೇಳಿದಳು, ಆಮೇಲಿನ ಬರಿಗೈಯ ಕಲ್ಲನ್ನೂ ಪೂರಾ ಕೇಳಿದಳು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಹೀಗೇ ಇದ್ದರೆ ತಲೆ ಕೆಡುತ್ತದೆ, ಹೇಗಾದರೂ ಅಳಿಸಿರಿ ಎಂದು ಹೆಂಗಸರು ನನಗೆ ಹೇಳಿದರು. ಅಳಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಮಾರನೆಯ ದಿನ ಬೆಳಗ್ಗೆ ಆಕೆ ಬರಿಗೈಯಲ್ಲಿ ಮನೆ ಬಿಟ್ಟು ಹೊರಟಳು. ನಾನು ಹಿಂದೆ ಹಿಂದೆ ಹೋದೆ. ನೇರ ಗಿರಣಿಗೆ ಹೋಗಿ, ಗಿರಣಿಯ ಮಕ್ತುಮಸಾಬನನ್ನು ಬಂಗಾರೆವ್ವ ಎಲ್ಲಿ ನಿಲ್ಲುತ್ತಿದ್ದಳು ಎಂದು ಕೇಳಿದಳು. ಆತ ಪಟ್ಟಾ ಓಡುವ ಗೋಡೆಯ ಮೂಲೆಯನ್ನು ತೋರಿಸಿದ.

"ಅಲ್ಲೇ ನಿಂದರತಿದ್ರು ಅಕ್ಕಾರ. ಬಾಯಿ ಆಡೂದು ಕಾಣತಿತ್ತು, ದನಿ ಕೇಳತಿರಲಿಲ್ಲ. ಮಂತ್ರಾ ಏನರ ಅಂತಾರೇನೋ ಅಂತ ನಾ ಕೇಳಾಕ ಹೋಗ್ಲಿಲ್ಲ."

ಗಿರಣಿ ಹಚ್ಚು ಎಂದಳು ದಾನಮ್ಮ. ಬೀಸಲು ಏನು ತಂದಿರಿ ಎಂದು ಆತ ನನ್ನ ಮುಖ ನೋಡಿದ. ನಾನು ಏನೂ ಇಲ್ಲ ಎಂದೆ. ಬರಿಗಲ್ಲು ತಿರುಗಿದರೆ ಕಲ್ಲು ಕೆಡುತ್ತದೆ. ಆತ ಹಿಂದಿನ ದಿನ ಯಾರೋ ಬಿಟ್ಟುಹೋಗಿದ್ದ ನಾಲ್ಕು ಬೊಗಸೆ ಜೋಳ ಸುರಿದು ಗುಂಡಿ ಒತ್ತಿದ. ಪಟ್ಟಾ ಬಡಿಯತೊಡಗಿತು, ನೆಲ ಅದುರಿತು, ಹಿಟ್ಟಿನ ಧೂಳು ಎದ್ದಿತು. ದಾನಮ್ಮ ಹೋಗಿ ಆ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತಳು. ಆಮೇಲೆ ಬಾಯಿ ತೆರೆದಳು. ಕೊರಳಿನ ನರ ಉಬ್ಬುವುದು ಕಂಡಿತು, ತುಟಿ ಆಡುವುದು ಕಂಡಿತು, ಕೆನ್ನೆಗಂಟಿದ ಹಿಟ್ಟಿನ ಮೇಲೆ ನೀರು ಗೆರೆ ಎಳೆದುಕೊಂಡು ಇಳಿಯುವುದು ಕಂಡಿತು. ಹಾಡುತ್ತಿದ್ದಳೋ, ಇಬ್ಬರನ್ನೂ ಹೆಸರು ಹಿಡಿದು ಕರೆಯುತ್ತಿದ್ದಳೋ, ನನಗೆ ಒಂದಕ್ಷರವೂ ಕೇಳಲಿಲ್ಲ. ಅಂತೂ ಅಳುತ್ತಿದ್ದಾಳಲ್ಲ ಎಂದು ನನ್ನ ಜೀವ ತಣ್ಣಗಾಯಿತು.

ಜೋಳ ಮುಗಿಯುತ್ತ ಬಂತು, ಕಲ್ಲಿನ ಸದ್ದು ಬರಿದಾಗತೊಡಗಿತು. ಮಕ್ತುಮಸಾಬ ಗುಂಡಿಯ ಮೇಲೆ ಕೈ ಇಟ್ಟುಕೊಂಡು, ನಿಲ್ಲಿಸಲೇ ಎಂದು ನನ್ನನ್ನು ಕಣ್ಣಲ್ಲೇ ಕೇಳಿದ. ನಾನು ಉತ್ತರ ಕೊಡುವುದಕ್ಕೆ ಮೊದಲೇ ಮೂಲೆಯ ಕಡೆ ಒಮ್ಮೆ ನೋಡಿ, ಗುಂಡಿಯಿಂದ ಕೈ ತೆಗೆದು, ಒಳಗೆ ಹೋಗಿ ತನ್ನ ಮನೆಯ ಜೋಳದ ಚೀಲವನ್ನು ಎಳೆದುಕೊಂಡು ಬಂದು, ಬಾಯಿ ಬಿಚ್ಚಿ ಸುರಿಯತೊಡಗಿದ.